ಗಿರಿಗೆ ಹೊರಡುವ ಮುನ್ನ: ಕಸವನ್ನು ಅಡುಗೆಮನೆಯಲ್ಲೇ ತಡೆಯುವ ಬಗೆ

ಭಾನುವಾರ ಸಂಜೆ ಜನ ಇಳಿದ ಮೇಲೆ ಮುಳ್ಳಯ್ಯನಗಿರಿಯ ಮೆಟ್ಟಿಲ ಪಕ್ಕದ ಹುಲ್ಲನ್ನು ಕೈಯಿಂದ ಸರಿಸಿ ನೋಡಿ. ನೀರಿನ ಬಾಟಲಿ ದೂರದಿಂದಲೇ ಕಾಣುತ್ತದೆ, ಅದನ್ನು ಯಾರಾದರೂ ಹೆಕ್ಕಿಯಾರು. ಯಾರೂ ಹೆಕ್ಕದೆ ಉಳಿಯುವುದು ಸಣ್ಣದು: ಚಾಕೊಲೇಟ್ ಕವರಿನಿಂದ ಹರಿದು ಬಿಟ್ಟ ಉಗುರಿನಗಲದ ಮೂಲೆ, ಬಾಟಲಿ ಮುಚ್ಚಳದ ಕೆಳಗಿನ ಉಂಗುರ, ಸ್ಟ್ರಾಗೆ ಸುತ್ತಿದ್ದ ತೆಳು ಹಾಳೆ, ಪಾನ್ ಮಸಾಲ ಚೀಟಿ, ಊದುಬತ್ತಿಯ ಕವರು. ಒಂದು ಮಳೆಗೆ ಇವೆಲ್ಲ ಹುಲ್ಲಿನ ಬೇರಿಗೆ ಇಳಿಯುತ್ತವೆ, ಇನ್ನೊಂದು ಮಳೆಗೆ ಹಳ್ಳ ಸೇರುತ್ತವೆ.

ಹಳ್ಳ ಎಂದರೆ ಯಾವ ಹಳ್ಳ ಎಂಬುದೂ ತಿಳಿದಿರಲಿ. ಮುಳ್ಳಯ್ಯನಗಿರಿ ಇರುವ ಚಂದ್ರದ್ರೋಣ ಬೆಟ್ಟಸಾಲಿನ ಒಂದು ಮಗ್ಗುಲಿನ ನೀರು ಯಗಚಿಗೆ ಹೋಗಿ, ಅಲ್ಲಿಂದ ಹೇಮಾವತಿ, ಆಮೇಲೆ ಕಾವೇರಿ ಸೇರುತ್ತದೆ. ಇನ್ನೊಂದು ಮಗ್ಗುಲಿನದು ಭದ್ರೆಗೆ. ಬೆಟ್ಟದ ಬುಡದ ಹಿರೇಕೊಳಲೆ ಕೆರೆಯಿಂದ ಚಿಕ್ಕಮಗಳೂರು ನಗರ ಕುಡಿಯುವ ನೀರು ತೆಗೆದುಕೊಳ್ಳುತ್ತದೆ.

ಈ ಬರಹದ ಲೆಕ್ಕವೆಲ್ಲ ಆರು ಜನ, ಒಂದು ದಿನದ ತಿರುಗಾಟಕ್ಕೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಎತ್ತಿನಭುಜ, ರಾಣಿಝರಿ, ದೇವರಮನೆ, ಸಕಲೇಶಪುರದ ಕಡೆಯ ಬಿಸ್ಲೆ, ಎಲ್ಲಿಗೆ ಹೋದರೂ ಕ್ರಮ ಒಂದೇ. ತೊಂಬತ್ತು ಪಾಲು ಕೆಲಸ ಹಿಂದಿನ ರಾತ್ರಿ ಮನೆಯಲ್ಲೇ ಮುಗಿಯುತ್ತದೆ. ಮೇಲೆ ಹೋದ ಮೇಲೆ ಕಸದ ಬಗ್ಗೆ ಯೋಚಿಸುವವರ ಕೈಯಲ್ಲಿ ಆಗಲೇ ಕಸ ಇರುತ್ತದೆ.

ಹಿಂದಿನ ರಾತ್ರಿ

ನೀರಿನಿಂದ ಶುರು ಮಾಡೋಣ. ದಿನವಿಡೀ ನಡೆಯುವುದಾದರೆ ಒಬ್ಬರಿಗೆ ಎರಡೂವರೆಯಿಂದ ಮೂರು ಲೀಟರ್, ಆರು ಜನರಿಗೆ ಹದಿನೈದರಿಂದ ಹದಿನೆಂಟು. ಇದನ್ನು ಅರ್ಧ ಲೀಟರಿನ ಬಾಟಲಿಗಳಲ್ಲಿ ಕೊಂಡರೆ ಮೂವತ್ತರಿಂದ ಮೂವತ್ತಾರು ಖಾಲಿ ಬಾಟಲಿ, ಅಷ್ಟೇ ಮುಚ್ಚಳ, ಅಷ್ಟೇ ಉಂಗುರ. ಬದಲಿಗೆ 20 ಲೀಟರಿನ ಒಂದು ಕ್ಯಾನು ಗಾಡಿಯಲ್ಲಿರಲಿ, ಒಬ್ಬೊಬ್ಬರ ಬೆನ್ನಚೀಲದಲ್ಲಿ ಒಂದು ಲೀಟರಿನ ಎರಡು ಸ್ಟೀಲ್ ಬಾಟಲಿ ಇರಲಿ. ಮೆಟ್ಟಿಲು ಹತ್ತಿ ಇಳಿಯುವಷ್ಟೇ ಆದರೆ ಒಂದು ಸಾಕು. ಕ್ಯಾನಿನಿಂದ ಬಾಟಲಿಗೆ ಸುರಿಯಲು ಆಲಿಕೆ ಮರೆತರೆ ನೀರು ಅರ್ಧ ನೆಲಕ್ಕೆ ಹೋಗುತ್ತದೆ, ಆಮೇಲೆ ಯಾರೋ ಒಬ್ಬರು ಗೂಡಂಗಡಿಗೆ ಓಡುತ್ತಾರೆ, ಬಾಟಲಿ ಬಂದೇ ಬರುತ್ತದೆ. ಕಸದ ಕತೆ ಬಹಳ ಸಲ ಹೀಗೆ ಒಂದು ಆಲಿಕೆಯಿಂದ ಶುರುವಾಗುತ್ತದೆ.

ಊಟಕ್ಕೆ ಅಕ್ಕಿರೊಟ್ಟಿ, ಚಿತ್ರಾನ್ನ, ಕಡುಬು ಯಾವುದಾದರೂ ಸರಿ. ಡಬ್ಬಿ ಸಾಲದಿದ್ದರೆ ಬಾಳೆಲೆಯಲ್ಲಿ ಕಟ್ಟಿ, ಆದರೆ ಹಸಿ ಎಲೆಯಲ್ಲಿ ಕಟ್ಟಬೇಡಿ, ಮಡಿಸಿದ ಜಾಗದಲ್ಲಿ ಸೀಳಿ ಎಣ್ಣೆ ಸೋರುತ್ತದೆ. ನಡುದಿಂಡು ತೆಗೆದು, ಎಲೆಯ ಕೆಳಮೈಯನ್ನು ಸಣ್ಣ ಉರಿಯ ಮೇಲೆ ನಿಧಾನವಾಗಿ ಆಡಿಸಿ. ತಿಳಿ ಹಸಿರು ಕಡುಹಸಿರಾಗಿ ಮೈ ಹೊಳೆಯಲು ಶುರುವಾದ ಕೂಡಲೇ ತೆಗೆಯಬೇಕು. ಅಲ್ಲಿಗೆ ಎಲೆ ಬಟ್ಟೆಯ ಹಾಗೆ ಮಡಿಸಿಕೊಳ್ಳುತ್ತದೆ. ಒಂದು ನಿಮಿಷ ಹೆಚ್ಚಾದರೆ ಕಂದಾಗಿ ಮುರಿಯುತ್ತದೆ. ಕಟ್ಟಲು ರಬ್ಬರ್ ಬ್ಯಾಂಡು ಬೇಡ, ನೀರಲ್ಲಿ ನೆನೆಸಿದ ಬಾಳೆನಾರು ಸಾಕು. ತಿಂದ ಮೇಲೆ ಎಲೆಯೂ ಕೆಳಗೆ ಬರಬೇಕು, ಏಕೆಂಬುದು ಮುಂದೆ.

ಅಂಗಡಿಯ ತಿಂಡಿಯನ್ನೆಲ್ಲ ಮನೆಯಲ್ಲೇ ಒಡೆದು ಡಬ್ಬಿಗೆ ಸುರಿದುಬಿಡಿ. ಚಿಪ್ಸ್, ಬಿಸ್ಕತ್ತು, ಖಾರ ಎಲ್ಲವೂ. ಮೊಟ್ಟೆ ಬೇಯಿಸಿದರೆ ಸುಲಿದೇ ಒಯ್ಯಿರಿ. ಕಿತ್ತಳೆ ಬಿಡಿಸಿ, ಕಡಲೆಕಾಯಿ ಸುಲಿದು ಇಡಿ. ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯಂತೆ ಹೊಳೆಯುವುದು ಪ್ಲಾಸ್ಟಿಕ್ ಹಾಳೆಗೆ ಲೋಹದ ಲೇಪ ಇರುವುದರಿಂದ. ಆ ಪದರಗಳನ್ನು ಬಿಡಿಸಲಾಗದು, ಹಾಗಾಗಿ ಗುಜರಿಯವರು ಮುಟ್ಟುವುದಿಲ್ಲ. ಮನೆಯಲ್ಲಿ ಒಡೆದರೆ ಅದು ಮನೆಯ ಒಣಕಸದ ಬುಟ್ಟಿಗೆ ಹೋಗುತ್ತದೆ, ಕಡೇಪಕ್ಷ ಗಾಳಿಗೆ ಹಾರುವುದಿಲ್ಲ.

ಪೇಪರ್ ಲೋಟ, ಪೇಪರ್ ತಟ್ಟೆ ಎಂಬ ಹೆಸರಿಗೆ ಮರುಳಾಗಬೇಡಿ. ಬಿಸಿ ಕಾಫಿ ಹೊರಗೆ ಬರದಂತೆ ತಡೆಯುವುದು ಒಳಗಿನ ಪ್ಲಾಸ್ಟಿಕ್ ಪೊರೆ. ಅಡಿಕೆ ಹಾಳೆಯ ತಟ್ಟೆ ಅದಕ್ಕಿಂತ ವಾಸಿ, ಆದರೂ ಅದು ಮಣ್ಣಾಗಲು ತಿಂಗಳುಗಟ್ಟಲೆ ಬೇಕು. ಸ್ಟೀಲ್ ತಟ್ಟೆ ಆರು ಹೊತ್ತರೆ ಏನೂ ಭಾರವಾಗದು. ವೆಟ್ ವೈಪ್ಸ್ ಕೂಡ ಕಾಗದವಲ್ಲ, ಹೆಚ್ಚಿನವುಗಳಲ್ಲಿ ಪಾಲಿಯೆಸ್ಟರ್ ನೂಲಿರುತ್ತದೆ. ಹಳೇ ಹತ್ತಿ ಪಂಚೆಯ ನಾಲ್ಕು ತುಂಡು ಒದ್ದೆ ಮಾಡಿ ಹಿಂಡಿ ಡಬ್ಬಿಯಲ್ಲಿಟ್ಟರೆ ಅದೇ ಕೆಲಸ ನಡೆಯುತ್ತದೆ.

ಮಳೆಗಾಲದ ಇಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಪೊಟ್ಟಣ ಒಯ್ದು ಖಾಲಿ ಕವರನ್ನು ಅಲ್ಲೇ ಬಿಡುವವರು ಬಹಳ. ಮಲೆನಾಡಿನ ಹಳೇ ಕ್ರಮ ಇದಕ್ಕಿಂತ ಚೊಕ್ಕ: ಒಂದು ಮುಷ್ಟಿ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯುವುದು. ಗಂಟು ತುಸು ಒದ್ದೆಯಾಗಿರಲಿ, ತಾಗಿಸಿದರೆ ಸಾಕು, ಇಂಬಳ ಬಿಡುತ್ತದೆ. ಒಂದೇ ಗಂಟು ದಿನಪೂರ್ತಿ ಬರುತ್ತದೆ.

ಚೀಲಗಳು

ಕಪ್ಪು ಬಣ್ಣದ ತೆಳು ಕಸದ ಕವರು ಕಾಡಿಗೆ ಆಗುವುದಿಲ್ಲ. ಲಂಟಾನದ ಒಂದು ಮುಳ್ಳು ತಾಗಿದರೆ ಹರಿಯಿತು, ಹೊತ್ತ ಕಸವೆಲ್ಲ ದಾರಿಯುದ್ದಕ್ಕೂ ಬಿತ್ತು. ಬೇಕಾದದ್ದು ಮೂರು:

ಒಬ್ಬೊಬ್ಬರ ಸೊಂಟಕ್ಕೆ ಅಥವಾ ಪ್ಯಾಂಟಿನ ಜೇಬಿಗೆ ಜಿಪ್ ಇರುವ ಒಂದು ಸಣ್ಣ ಪೌಚು. ಮೂಲೆ, ಉಂಗುರ, ಚೀಟಿ ಇದರೊಳಗೆ.

ಗುಂಪಿಗೆ 25 ಕಿಲೋದ ಒಂದು ಅಕ್ಕಿ ಚೀಲ. ಬಾಯಿ ಕಟ್ಟಲು ಒಂದು ಮೊಳ ಹುರಿಯನ್ನು ಚೀಲಕ್ಕೇ ಪೋಣಿಸಿಡಿ.

ಒದ್ದೆ ಕಸಕ್ಕೆ ಬಿಗಿ ಮುಚ್ಚಳದ ಐದು ಲೀಟರ್ ಡಬ್ಬಿ. ಉಳಿದ ಅನ್ನ, ಬಾಳೆಲೆ, ಹಣ್ಣಿನ ಸಿಪ್ಪೆ.

ಅಕ್ಕಿ ಚೀಲವನ್ನು ಹೊರುವವರು ಯಾರು ಎಂದು ಬೆಳಿಗ್ಗೆ ಗಾಡಿ ಹತ್ತುವಾಗಲೇ ಹೆಸರು ಹೇಳಿ ಗೊತ್ತುಮಾಡಬೇಕು. ಹೇಳದಿದ್ದರೆ ಚೀಲ ಗಾಡಿಯ ಡಿಕ್ಕಿಯಲ್ಲೇ ಉಳಿಯುತ್ತದೆ. ಎತ್ತಿನಭುಜ, ರಾಣಿಝರಿಯ ಕಡೆ ಬಾಡಿಗೆ ಜೀಪು ಹಿಡಿಯುವುದಾದರೆ ಚಾಲಕರಿಗೆ ಮೊದಲೇ ಹೇಳಿ ಸೀಟಿನ ಹಿಂದೆ ಚೀಲ ತೂಗುಹಾಕಿಸಿ. ಕಿಟಕಿಯಿಂದ ಹೊರಗೆ ಹೋಗುವ ಕಸವನ್ನು ತಡೆಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಗಿರಿಯ ಮೇಲೆ

ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ನೆತ್ತಿಯಲ್ಲಿ ಗಾಳಿ ಬೀಸದ ದಿನ ಕಡಿಮೆ. ಕೈಯಿಂದ ಜಾರಿದ ಕವರು ಇಳಿಜಾರಿನ ಹುಲ್ಲಿಗೆ ಹಾರಿದರೆ ತರುವಂತಿಲ್ಲ, ತರಲು ಹೋಗಲೂಬಾರದು, ಮಂಜಿನಲ್ಲಿ ಒದ್ದೆಯಾದ ಹುಲ್ಲು ಸೋಪಿನಂತೆ ಜಾರುತ್ತದೆ. ಆದ್ದರಿಂದ ತಿನ್ನುವುದಕ್ಕೆ ಗಾಳಿಮರೆ ಹುಡುಕಿ. ಬಂಡೆಗೆ ಬೆನ್ನುಕೊಟ್ಟು ಕೂತು, ಏನೇ ಕವರು ಒಡೆಯುವುದಿದ್ದರೂ ಚೀಲದ ಬಾಯಿಯೊಳಗೆ ಕೈಯಿಟ್ಟು ಒಡೆಯಿರಿ. ಮೂಲೆಯನ್ನು ಪೂರ್ತಿ ಹರಿಯದೆ ಅರ್ಧ ಬೆರಳು ಉಳಿಸಿ ಸೀಳಿದರೆ ತುಂಡು ಕವರಿಗೇ ಅಂಟಿಕೊಂಡಿರುತ್ತದೆ. ಪ್ಲಾಸ್ಟಿಕ್ ಬಾಟಲಿ ಬಂದೇಬಿಟ್ಟಿದ್ದರೆ ಬುಡದಿಂದ ತಿರುಚಿ ಗಾಳಿ ಹೊರಹಾಕಿ, ಹಾಗೇ ಹಿಡಿದು ಮುಚ್ಚಳ ಬಿಗಿಯಿರಿ. ಕಾಲು ಭಾಗಕ್ಕೆ ಕುಗ್ಗುತ್ತದೆ, ಮುಚ್ಚಳವೂ ಕಳೆಯದು.

"ಬಾಳೆಹಣ್ಣಿನ ಸಿಪ್ಪೆ ತಾನೆ, ಗೊಬ್ಬರವಾಗುತ್ತೆ ಬಿಡಿ" ಎಂಬ ಮಾತು ತೋಟಕ್ಕೆ ಸರಿ, ಗಿರಿಗೆ ಸರಿಯಲ್ಲ. ತೋಟದ ಗೊಬ್ಬರಗುಂಡಿಯಲ್ಲಿ ಬಿಸಿ, ತೇವ, ಎರೆಹುಳು ಎಲ್ಲ ಇವೆ. ನೆತ್ತಿಯಲ್ಲಿ ಬಂಡೆಯ ಮೇಲೆ ತೆಳುವಾದ ಮಣ್ಣು, ತಣ್ಣನೆ ಗಾಳಿ. ಸಿಪ್ಪೆ ಒಣಗಿ ಚರ್ಮದಂತಾಗಿ ತಿಂಗಳುಗಟ್ಟಲೆ ಬಿದ್ದಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಕೋತಿಯದ್ದು. ಮನುಷ್ಯರು ಕೂತ ಜಾಗದಲ್ಲಿ ತಿಂಡಿ ಸಿಗುತ್ತದೆ ಎಂದು ಒಮ್ಮೆ ಕಲಿತ ಕೋತಿ ಮುಂದಿನ ಸಲ ಚೀಲಕ್ಕೇ ಕೈಹಾಕುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಗಾಡಿ ನಿಧಾನವಾದ ಕೂಡಲೇ ಅವು ರಸ್ತೆಗೆ ಇಳಿಯುವುದು ಯಾಕೆ ಎಂದು ಬೇರೆ ಹೇಳಬೇಕಿಲ್ಲ. ಉಪ್ಪು ಹತ್ತಿದ ಪೊಟ್ಟಣವನ್ನು ದನವೂ ಕಡವೆಯೂ ಕವರಿನ ಸಮೇತ ನುಂಗುತ್ತವೆ. ಬಾಳೆಲೆ ಡಬ್ಬಿಗೆ ಹೋಗಬೇಕಾದ್ದು ಇದೇ ಕಾರಣಕ್ಕೆ.

ಸಿಗರೇಟಿನ ಫಿಲ್ಟರು ಹತ್ತಿಯಂತೆ ಕಂಡರೂ ಅದು ಸೆಲ್ಯುಲೋಸ್ ಅಸಿಟೇಟ್, ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ. ಆರಿಸಿ ತಗಡಿನ ಸಣ್ಣ ಡಬ್ಬಿಗೆ ಹಾಕಿ. ಜನವರಿಯಿಂದ ಏಪ್ರಿಲ್‌ವರೆಗೆ ಹುಲ್ಲುಗಾವಲಿಗೆ ಹೋದಾಗ ಸೇದದೇ ಇರುವುದೇ ಲೇಸು.

ಗಾಜು

ತುಂಬಿದ ಬಾಟಲಿಯನ್ನು ಮೇಲಕ್ಕೆ ಹೊರುವ ಹುರುಪು ಖಾಲಿ ಬಾಟಲಿಯನ್ನು ಇಳಿಸುವಾಗ ಯಾರಿಗೂ ಇರುವುದಿಲ್ಲ. ದೊಡ್ಡ ಬಿಯರ್ ಬಾಟಲಿ ಖಾಲಿಯಾದ ಮೇಲೂ ಹೆಚ್ಚುಕಡಿಮೆ ಅರ್ಧ ಕಿಲೋ ತೂಗುತ್ತದೆ. ಬಂಡೆಗೆ ಹೊಡೆದು ಒಡೆಯುವ ಚಟ ಬೇರೆ. ಸಕಲೇಶಪುರ, ಮೂಡಿಗೆರೆಯ ತೋಟ ಕಾಡುಗಳ ಅಂಚು ಆನೆ ಓಡಾಡುವ ದಾರಿ. ಆನೆಯ ಅಂಗಾಲು ಮೆತ್ತಗಿನ ಮೆತ್ತೆಯಂಥದ್ದು, ಒಳಗೆ ಸೇರಿದ ಗಾಜಿನ ಚೂರು ಕೀವು ಕಟ್ಟಿದರೆ ಮದ್ದು ಹಾಕುವವರಿಲ್ಲ. ತೋಟದ ಕೆಲಸಕ್ಕೆ ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಬರುವ ಹೆಂಗಸರ ಪಾಡೂ ಅದೇ. ಗಾಜು ಒಯ್ಯಲೇಬೇಡಿ.

ಆದರೂ ದಾರಿಯಲ್ಲಿ ಒಡೆದ ಗಾಜು ಸಿಕ್ಕರೆ ಬರಿಗೈ ಹಾಕಬೇಡಿ. ನಾಲ್ಕು ಮಡಿಕೆಯ ಗೋಣಿತಟ್ಟು ಹಿಡಿದು ಅಥವಾ ಒಲೆಯ ಇಕ್ಕಳದಿಂದ ಎತ್ತಿ. ಚೂರುಗಳನ್ನು ಅಕ್ಕಿ ಚೀಲಕ್ಕೆ ಹಾಕಿದರೆ ಹೊತ್ತವರ ಬೆನ್ನಿಗೂ, ಕೆಳಗೆ ಚೀಲ ಬಿಚ್ಚುವ ಪೌರಕಾರ್ಮಿಕರ ಕೈಗೂ ಚುಚ್ಚುತ್ತದೆ. ತಗಡಿನ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಮಾರ್ಕರಿನಿಂದ ದೊಡ್ಡದಾಗಿ 'ಗಾಜು' ಎಂದು ಬರೆಯಿರಿ.

ನೀರಿನ ಹತ್ತಿರ

ಝರಿಯಲ್ಲಿ ಸೋಪು, ಶಾಂಪೂ ಬೇಡ, ಗಿಡಮೂಲಿಕೆಯದ್ದೂ ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ. ಘಟ್ಟದ ಹಳ್ಳಗಳಲ್ಲಿ ಬೇರೆಲ್ಲೂ ಸಿಗದ ಕಪ್ಪೆಗಳಿವೆ, ಅವುಗಳ ಗೊದಮೊಟ್ಟೆ ಸೋಪಿನ ನೊರೆಯಿದ್ದ ನೀರಿನಲ್ಲಿ ಬದುಕುವುದು ಕಷ್ಟ. ಪಾತ್ರೆ ತೊಳೆಯಲೇಬೇಕಿದ್ದರೆ ನೀರನ್ನು ತುಂಬಿಕೊಂಡು ಹಳ್ಳದಿಂದ ಎಂಬತ್ತು ಹೆಜ್ಜೆ, ಅಂದರೆ ಸುಮಾರು 60 ಮೀಟರ್ ದೂರ ಬನ್ನಿ. ತಟ್ಟೆಗೆ ಅಂಟಿದ್ದನ್ನು ಮೊದಲು ರೊಟ್ಟಿ ಚೂರಿನಿಂದ ಒರೆಸಿ ತಿಂದುಬಿಟ್ಟರೆ ತೊಳೆಯುವ ಕೆಲಸವೇ ಉಳಿಯದು.

ಬಾಬಾಬುಡನ್‌ಗಿರಿಯ ಮಾಣಿಕ್ಯಧಾರಾ ಜಲಪಾತದಲ್ಲಿ ಮಿಂದ ಮೇಲೆ ಉಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು ಬರುವ ರೂಢಿ ಇದೆ. ನಂಬಿಕೆಯ ಮಾತು ಅವರವರಿಗೆ ಬಿಟ್ಟದ್ದು. ಬಟ್ಟೆಯ ಮಾತು ಮಾತ್ರ ಹೇಳಬಹುದು: ಹಿಂದೆ ಬಿಡುತ್ತಿದ್ದದ್ದು ಹತ್ತಿ, ಅದು ಕೊಳೆಯುತ್ತಿತ್ತು. ಈಗಿನ ಸೀರೆ, ಟೀ ಶರಟು, ಒಳ ಉಡುಪು ಪಾಲಿಯೆಸ್ಟರಿನವು. ಅವು ಕಲ್ಲುಗಳ ಸಂದಿಗೆ ಸಿಕ್ಕಿಕೊಂಡು ನೀರಿನ ದಾರಿಯನ್ನೇ ಕಟ್ಟುತ್ತವೆ, ಒದ್ದೆಯಾದ ಮೇಲೆ ಒಂದೊಂದನ್ನು ಎಳೆಯಲು ಇಬ್ಬರು ಬೇಕಾಗುತ್ತದೆ. ಬಿಡಲೇಬೇಕೆಂದಿದ್ದರೆ ಹತ್ತಿಯ ಒಂದು ತುಂಡು ಸಾಕು, ಅದನ್ನೂ ನೀರಿನಲ್ಲಲ್ಲ, ಅಲ್ಲಿ ಇಟ್ಟಿರುವ ತೊಟ್ಟಿ ಇದ್ದರೆ ಅದರಲ್ಲಿ. ಉಳಿದದ್ದನ್ನು ಹಿಂಡಿ ಚೀಲಕ್ಕೆ ಹಾಕಿಕೊಳ್ಳಿ.

ಬಯಲಿಗೆ ಹೋಗಬೇಕಾದಾಗ

ಈ ವಿಷಯ ಯಾರೂ ಮಾತಾಡುವುದಿಲ್ಲ, ಎಲ್ಲರಿಗೂ ಬೇಕಾಗುತ್ತದೆ. ಊರಿನಿಂದ ಹೊರಡುವಾಗಲೇ ಶೌಚಾಲಯಕ್ಕೆ ಹೋಗಿ ಬರುವುದು ಮೊದಲ ಉಪಾಯ. ಅದಾಗದಿದ್ದರೆ ಹಳ್ಳದಿಂದ, ದಾರಿಯಿಂದ, ಜನ ಕೂರುವ ಜಾಗದಿಂದ ಎಂಬತ್ತು ಹೆಜ್ಜೆ ಎಣಿಸಿ ದೂರ ಹೋಗಿ. ತೋಟದ ಸಣ್ಣ ಕೈಗುದ್ದಲಿ ಅಥವಾ ಸಸಿ ನೆಡುವ ಚಿಕ್ಕ ಸಲಿಕೆಯಿಂದ ಆರೇಳು ಇಂಚು ಆಳದ, ನಾಲ್ಕೈದು ಇಂಚು ಅಗಲದ ಗುಂಡಿ ತೋಡಿ. ಆಳ ಅಂದರೆ ಮುಕ್ಕಾಲು ಗೇಣು. ಮೇಲಿನ ಕಪ್ಪು ಮಣ್ಣಿನಲ್ಲಿ ಕೊಳೆಸುವ ಜೀವಿಗಳು ಹೆಚ್ಚು, ಅದಕ್ಕಿಂತ ಕೆಳಗಿನ ಕೆಂಪು ಜೇಡಿಯಲ್ಲಿ ಕಡಿಮೆ. ಒಂದೂವರೆ ಅಡಿ ತೋಡಿದವರು ಶ್ರಮಪಟ್ಟು ಕೆಲಸ ಕೆಡಿಸಿದಂತೆ. ಎರಡೇ ಇಂಚು ಕೆದಕಿದರೆ ಹಂದಿ ಬಂದು ಬಗೆಯುತ್ತದೆ. ತೋಡಿದ ಮಣ್ಣನ್ನೇ ಮುಚ್ಚಿ, ಮೇಲೆ ತರಗೆಲೆ ಎಳೆಯಿರಿ.

ಈ ಕ್ರಮ ಶೋಲಾದ, ಅಂದರೆ ಗಿರಿಯ ಕಣಿವೆಗಳ ದಟ್ಟ ಕಾಡಿನ, ಅಂಚಿನ ಮಣ್ಣಿಗೆ, ಬೇಸಿಗೆಗೆ. ನೆತ್ತಿಯ ಹುಲ್ಲುಗಾವಲಿನಲ್ಲಿ ನಾಲ್ಕು ಇಂಚಿಗೇ ಬಂಡೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಗುಂಡಿಯೇ ಕೊಚ್ಚಿ ಹಳ್ಳಕ್ಕೆ ಹೋಗುತ್ತದೆ. ಅಂಥಲ್ಲಿ ಹೂಳದೆ ಹೊತ್ತು ತರುವುದೊಂದೇ ದಾರಿ: ಹಳೇ ಪತ್ರಿಕೆಯ ಮೇಲೆ ಮುಗಿಸಿ, ಒಂದು ಹಿಡಿ ಒಣಮಣ್ಣು ಉದುರಿಸಿ ಸುತ್ತಿ, ಎರಡು ಕವರಿನೊಳಗೆ ಕಟ್ಟಿ, ಬಿಗಿ ಮುಚ್ಚಳದ ಬೇರೊಂದು ಡಬ್ಬಿಯಲ್ಲಿಡಿ. ಊರಿಗೆ ಬಂದು ಶೌಚಾಲಯಕ್ಕೆ ಸುರಿಯಿರಿ, ಪತ್ರಿಕೆಯೂ ಕವರೂ ಅದರೊಳಗೆ ಬೇಡ, ಕಸಕ್ಕೆ ಹೋಗಲಿ. ಅಸಹ್ಯ ಅನ್ನಿಸಿದರೆ ಬೆಳಗಿನ ಮೊದಲ ಉಪಾಯ ನೆನಪಿರಲಿ.

ಟಿಶ್ಯೂ ಕಾಗದ ಹೂಳಬೇಡಿ, ಪೌಚಿಗೆ ಹಾಕಿ. ನೀರು ಬಳಸುವ ನಮ್ಮ ಅಭ್ಯಾಸಕ್ಕೆ ಅದು ಬೇಕಾಗಿಯೂ ಇಲ್ಲ. ಸ್ಯಾನಿಟರಿ ಪ್ಯಾಡ್, ಮಕ್ಕಳ ಡೈಪರ್‌ ಒಳಗಿರುವುದು ನೀರು ಹೀರುವ ಪ್ಲಾಸ್ಟಿಕ್ ಜೆಲ್. ಹೂಳಿದರೂ ಕರಗದು, ನಾಯಿ ಎಳೆದು ಹಾಕುತ್ತದೆ. ಪತ್ರಿಕೆಯಲ್ಲಿ ಸುತ್ತಿ, ಕೆಂಪು ಪೆನ್ನಿನಿಂದ ಒಂದು ಗುರುತು ಹಾಕಿ ಪ್ರತ್ಯೇಕ ಜಿಪ್ ಕವರಿನಲ್ಲಿ ತನ್ನಿ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಈ ಕವರು, ಪತ್ರಿಕೆ, ಗುದ್ದಲಿಯನ್ನು ಎಲ್ಲರಿಗೂ ಗೊತ್ತಿರುವ ಒಂದು ಜಾಗದಲ್ಲಿಡಿ, ಕೇಳದೆ ತೆಗೆದುಕೊಳ್ಳುವಂತಿರಲಿ.

ಸುಡುವ ವಿಚಾರ

ಕಸ ಒಟ್ಟುಮಾಡಿ ಕಡ್ಡಿ ಗೀರುವವರು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಬಯಲು ಬೆಂಕಿಯ ಬಿಸಿಗೆ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ, ಕರಗಿ ಕಲ್ಲಿಗೆ ಅಂಟುತ್ತದೆ, ವಿಷದ ಹೊಗೆ ಬಿಡುತ್ತದೆ, ಆಮೇಲೆ ಹೆಕ್ಕಲೂ ಬರುವುದಿಲ್ಲ. ಫೆಬ್ರವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಭದ್ರಾ ಅಭಯಾರಣ್ಯದಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಬೆಂಕಿ ಹಾಕುವುದೂ ಕಸ ಎಸೆಯುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ.

ಪ್ಲಾಸ್ಟಿಕ್ ನಿಷೇಧದ ಮಾತು ಬಂದಾಗ ಒಂದು ಗೊಂದಲ ಇದ್ದೇ ಇರುತ್ತದೆ. ರಾಜ್ಯದ ನಿಷೇಧ 2016ರದ್ದು. 2022ರ ಜುಲೈ 1ರಿಂದ ದೇಶಾದ್ಯಂತ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ, ಸ್ಟ್ರಾ ನಿಂತವು. ಆದರೆ ನೀರಿನ ಬಾಟಲಿಯೂ ಚಿಪ್ಸ್ ಪೊಟ್ಟಣವೂ ಆ ಕೇಂದ್ರದ ಪಟ್ಟಿಯಲ್ಲಿಲ್ಲ, ಗಿರಿಯಲ್ಲಿ ಕಾಲಿಗೆ ಸಿಗುವುದು ಇವೆರಡೇ. ಗಿರಿಗೆ ಹತ್ತುವ ದಾರಿಯ ಕೈಮರದ ತಪಾಸಣೆಯಲ್ಲಿ ದಾಟಿಬಿಟ್ಟೆವು ಎಂದ ಮಾತ್ರಕ್ಕೆ ಚೀಲದಲ್ಲಿ ಕಸವಿಲ್ಲ ಎಂದಲ್ಲ.

ಇಳಿದ ಮೇಲೆ

ಮೇಲೆ ಕಸದ ತೊಟ್ಟಿ ಇಡಬೇಕು ಎಂದು ಬೇಡಿಕೆ ಇಡುವವರಿದ್ದಾರೆ. ಇಡದಿರುವುದೇ ಸರಿ. ತೊಟ್ಟಿ ತುಂಬಿದ ದಿನ ತೆಗೆಯಲು ಗಾಡಿ ಹತ್ತಬೇಕು, ಅಷ್ಟರಲ್ಲಿ ಕೋತಿ ಬಗೆದಿರುತ್ತದೆ, ಉಳಿದದ್ದನ್ನು ಗಾಳಿ ಹಂಚುತ್ತದೆ. ತೊಟ್ಟಿ ಬೇಕಾದ್ದು ಬುಡದಲ್ಲಿ, ಗಾಡಿ ನಿಲ್ಲುವ ಕಡೆ, ಮುಚ್ಚಳದೊಂದಿಗೆ.

ಹಾಗೆಂದು ಇಳಿದ ಮೊದಲ ಹಳ್ಳಿಯ ಬಸ್‌ ಸ್ಟಾಪಿನಲ್ಲಿ ಚೀಲ ಇಳಿಸಬೇಡಿ. ಪಂಚಾಯಿತಿಯ ಕಸದ ಆಟೋ ಆ ಊರಿನ ಮನೆಗಳ ಲೆಕ್ಕಕ್ಕೆ ಓಡುವುದು, ಭಾನುವಾರದ ಸಾವಿರ ಗಾಡಿಗಳ ಲೆಕ್ಕಕ್ಕಲ್ಲ. ನಿಮ್ಮ ಊರಿಗೇ ಒಯ್ದು ಮನೆಯ ಕಸದ ಜೊತೆ ಒಣ, ಹಸಿ ಬೇರೆಮಾಡಿ ಕೊಡಿ. ಹೋಂಸ್ಟೇಯಲ್ಲಿ ಉಳಿದವರು ಹೊರಡುವಾಗ ಕಸ ಎಲ್ಲಿಗೆ ಹೋಗುತ್ತದೆ ಎಂದು ಯಜಮಾನರನ್ನು ಕೇಳಿ. "ತೋಟದ ಮೂಲೆಯಲ್ಲಿ ಸುಡ್ತೀವಿ" ಎಂಬ ಉತ್ತರ ಬಂದರೆ ಒಣಕಸವನ್ನು ನಿಮ್ಮ ಗಾಡಿಯಲ್ಲೇ ತನ್ನಿ.

ಬೇರೆಯವರ ಕಸ ಹೆಕ್ಕಲು ಹೊರಟರೆ

ಗುಂಪಾಗಿ ಸ್ವಚ್ಛತೆಗೆ ಹೋಗುವವರು ಮೊದಲು ವಲಯ ಅರಣ್ಯಾಧಿಕಾರಿಗೆ ಬರೆದು ಒಪ್ಪಿಗೆ ಪಡೆಯಿರಿ. ಎರಡನೆಯ ಪತ್ರ ಗ್ರಾಮ ಪಂಚಾಯಿತಿಗೆ: ಇಂಥ ದಿನ ಇಷ್ಟು ಚೀಲ ಒಣಕಸ ಬರುತ್ತದೆ, ಸ್ವಚ್ಛ ಸಂಕೀರ್ಣದಲ್ಲಿ, ಅಂದರೆ ಪಂಚಾಯಿತಿಯ ಕಸ ವಿಂಗಡಿಸುವ ಘಟಕದಲ್ಲಿ, ತೆಗೆದುಕೊಳ್ಳುವಿರಾ ಎಂದು. ಹೆಚ್ಚಿನ ಕಾರ್ಯಕ್ರಮಗಳು ಕೆಡುವುದು ಈ ಎರಡನೆಯ ಪತ್ರ ಬರೆಯದೆ. ಇಪ್ಪತ್ತು ಚೀಲ ತುಂಬಿ, ರಸ್ತೆ ಬದಿಗೆ ಸಾಲಾಗಿ ಇಟ್ಟು, ಫೋಟೊ ತೆಗೆದು ಹೋಗುತ್ತಾರೆ. ಎರಡೇ ದಿನದಲ್ಲಿ ನಾಯಿ, ದನ ಎಲ್ಲ ಬಿಚ್ಚಿರುತ್ತವೆ. ಚದುರಿದ್ದ ಕಸ ಒಂದೇ ಕಡೆ ಬಂತು, ಅಷ್ಟೇ.

ಹತ್ತು ಜನಕ್ಕೆ ಹದಿನೈದು ಅಕ್ಕಿ ಚೀಲ, ಹತ್ತು ಜೊತೆ ದಪ್ಪ ಕೈಗವಸು, ನಾಲ್ಕು ಉದ್ದ ಇಕ್ಕಳ, ಗಾಜಿಗೆ ಎರಡು ತಗಡಿನ ಡಬ್ಬಿ, ಒಂದು ಸ್ಪ್ರಿಂಗ್ ತಕ್ಕಡಿ. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಚೀಲದ ಬಾಯಿ ಹಿಡಿಯಲಿ, ಇನ್ನೊಬ್ಬರು ಹೆಕ್ಕಲಿ. ಬಾಟಲಿ ಒಂದು ಚೀಲಕ್ಕೆ, ಹೊಳೆಯುವ ಪೊಟ್ಟಣಗಳು ಇನ್ನೊಂದಕ್ಕೆ, ಬಟ್ಟೆ ಚಪ್ಪಲಿ ಮತ್ತೊಂದಕ್ಕೆ. ಬೇರೆಮಾಡುವುದು ಹೆಕ್ಕುವಾಗಲೇ ಆಗಬೇಕು, ಸಂಜೆ ಸುರಿದು ಆರಿಸುತ್ತೇವೆ ಎಂದರೆ ಯಾರೂ ಉಳಿದಿರುವುದಿಲ್ಲ. ಬಾಟಲಿಯಲ್ಲಿ ಉಳಿದ ನೀರನ್ನು ಚೆಲ್ಲಿ ಹಾಕಿ, ಇಲ್ಲದಿದ್ದರೆ ಚೀಲ ಎತ್ತಲಾಗದು.

ನೆಲಕ್ಕೆ ಅಂಟಿದ ಹಾಳೆ, ಬಟ್ಟೆ, ರಟ್ಟನ್ನು ಕೈಯಿಂದ ಎಬ್ಬಿಸಬೇಡಿ. ಅಡಿಯ ತಂಪಿಗೆ ಚೇಳು, ಹಾವು ಬಂದು ಮಲಗಿರುತ್ತವೆ. ಕೋಲಿನಿಂದ ನಿಮ್ಮ ಕಡೆಯ ಅಂಚನ್ನು ಬಿಟ್ಟು ಆಚೆಯ ಅಂಚನ್ನು ಮೊದಲು ಎತ್ತಿ, ಆಗ ಒಳಗಿದ್ದದ್ದು ಆಚೆಗೆ ಹರಿಯುತ್ತದೆ. ಮೂರು ಗಂಟೆಗಿಂತ ಹೆಚ್ಚು ಕೆಲಸ ಬೇಡ, ಸುಸ್ತಾದ ಕೈಗೇ ಗಾಜು ತಾಗುವುದು.

ಕೊನೆಗೆ ಚೀಲಗಳನ್ನು ತೂಗಿ, ಎಣಿಸಿ, ಘಟಕದವರ ಕೈಗೆ ಕೊಟ್ಟು ಪುಸ್ತಕದಲ್ಲಿ ಬರೆಸಿ. ಅಲ್ಲಿಯವರೆಗೆ ಗುಂಪಿನ ಒಂದು ಗಾಡಿಯಾದರೂ ಊರು ಬಿಡಬಾರದು.